ಫೀಸಿಲ್ಲ, ಮಾಷ್ಟ್ರಿಲ್ಲ: ಇಂಥ ಕೋಡಿಂಗ್ ಶಾಲೆ ಕರಾವಳಿಯಲ್ಲಿ ನಡೆದೀತಾ?

2025ರ ಜುಲೈಯಲ್ಲಿ ಟಿಸಿಎಸ್ ತನ್ನ ಸಿಬ್ಬಂದಿಯಲ್ಲಿ ಶೇ. 2ರಷ್ಟು, ಅಂದರೆ 12 ಸಾವಿರಕ್ಕೂ ಜಾಸ್ತಿ ಜನರನ್ನು ಕಡಿಮೆ ಮಾಡುವುದಾಗಿ ಹೇಳಿತು. ಅದಕ್ಕೆ ಸ್ವಲ್ಪ ಮೊದಲು, 2024-25ರಿಂದ, ಒಂದು ಬ್ರ್ಯಾಂಚಿಗೆ ಇಷ್ಟೇ ಸೀಟು ಎಂಬ ಮಿತಿಯನ್ನು ತಾಂತ್ರಿಕ ಶಿಕ್ಷಣ ನೋಡಿಕೊಳ್ಳುವ ಕೇಂದ್ರದ ಸಂಸ್ಥೆ ಎಐಸಿಟಿಇ ಒಳ್ಳೆಯ ಸಾಧನೆ ತೋರಿಸಿದ ಕಾಲೇಜುಗಳ ಮಟ್ಟಿಗೆ ತೆಗೆದುಹಾಕಿತ್ತು. ಒಂದು ಕಡೆ ಕೆಲಸ ಹೋಗುತ್ತಿದೆ. ಇನ್ನೊಂದು ಕಡೆ ಕಂಪ್ಯೂಟರ್ ಸೈನ್ಸ್ ಸೀಟು ಹೆಚ್ಚುತ್ತಿದೆ. ಇವೆರಡರ ನಡುವೆ ಮೊಬೈಲಿಗೆ ಮೂರನೆಯದೊಂದು ಬಂದು ಬೀಳುತ್ತದೆ: ಫೀಸ್ ಇಲ್ಲ, ಡಿಗ್ರಿ ಬೇಡ, ಟೀಚರ್ ಕೂಡ ಇಲ್ಲ, ಒಬ್ಬರಿಗೊಬ್ಬರು ಕಲಿಸಿಕೊಂಡು ಪ್ರೋಗ್ರಾಮರ್ ಆಗಿ!

ಪಿಯುಸಿ ಮುಗಿಸಿದ ಮಕ್ಕಳಿರುವ ಮಂಗಳೂರಿನ, ಉಡುಪಿಯ ಮನೆಗಳಲ್ಲಿ ಸಹಜವಾಗಿಯೇ ಗೊಂದಲ. ಲಕ್ಷಗಟ್ಟಲೆ ಕೊಟ್ಟು ಸೇರಿಸುವ ಸೀಟಿಗೆ ಅರ್ಥ ಉಂಟಾ? ಪುಕ್ಕಟೆ ಕಲಿಸುತ್ತೇವೆ ಅನ್ನುವವರನ್ನು ನಂಬಬಹುದಾ? ಟೀಚರೇ ಇಲ್ಲದಿದ್ದರೆ ಕಲಿಸುವವರು ಯಾರು? ಮೊದಲು ಈ ಕೊನೆಯ ಪ್ರಶ್ನೆಯನ್ನೇ ಬಿಡಿಸೋಣ. ಉಳಿದವುಗಳ ಉತ್ತರ ಅದಕ್ಕೇ ಅಂಟಿಕೊಂಡಿದೆ.

ಮಾಷ್ಟ್ರು ಎಲ್ಲಿ ಹೋದರು?

ಈ ಮಾದರಿಗೆ ಹೆಸರು ತಂದದ್ದು ಪ್ಯಾರಿಸಿನ 'ಎಕೋಲ್ 42'. ಫ್ರಾನ್ಸಿನ ಟೆಲಿಕಾಂ ಉದ್ಯಮಿ ಝೇವಿಯರ್ ನಿಯೆಲ್ 2013ರಲ್ಲಿ ಸ್ವಂತ ದುಡ್ಡು ಹಾಕಿ ಇದನ್ನು ಶುರು ಮಾಡಿದರು. ಈಗ ಹಲವು ದೇಶಗಳಲ್ಲಿ ಇದರ ಕ್ಯಾಂಪಸ್‌ಗಳಿವೆ. ನಮ್ಮ ಕಡೆಯವರಿಗೆ ಪಕ್ಕದ ಊರಿನಷ್ಟೇ ಪರಿಚಯವಿರುವ ಅಬುಧಾಬಿಯಲ್ಲೂ ಒಂದಿದೆ.

ಸೇರಲು ಮಾರ್ಕ್ಸ್ ಕಾರ್ಡ್ ಕೇಳುವುದಿಲ್ಲ. ಮೊದಲು ಆನ್‌ಲೈನಿನಲ್ಲಿ ತರ್ಕ ಮತ್ತು ನೆನಪಿನ ಕೆಲವು ಆಟಗಳು. ಗೆದ್ದವರಿಗೆ ನಾಲ್ಕು ವಾರಗಳ 'ಪಿಸೀನ್'. ಫ್ರೆಂಚಿನಲ್ಲಿ ಹಾಗೆಂದರೆ ಈಜುಕೊಳ. ಈಜು ಬಾರದವರನ್ನು ಕೆರೆಗೆ ದೂಡಿದ ಹಾಗೆಯೇ ಇದು. ಪಾಠ ಇಲ್ಲ. ಲೆಕ್ಕದ ಹಾಳೆ ಬರುತ್ತದೆ, ಮಾಡಬೇಕು. ಗೊತ್ತಾಗದಿದ್ದರೆ ಹುಡುಕಬೇಕು, ಇಲ್ಲವೇ ಪಕ್ಕದಲ್ಲಿ ಕುಳಿತವರನ್ನು ಕೇಳಬೇಕು. ಸಿ ಭಾಷೆಯಿಂದ ಶುರು. ನಾಲ್ಕು ವಾರ ಮುಗಿದ ಮೇಲೆ ಕೆಲವರಿಗೆ ಸೀಟು, ಉಳಿದವರಿಗೆ ಮನೆ ದಾರಿ. ಅಂದರೆ ಬಾಗಿಲು ಎಲ್ಲರಿಗೂ ತೆರೆದಿದೆ ನಿಜ, ಆದರೆ ಒಳಗೆ ಇನ್ನೊಂದು ಬಾಗಿಲಿದೆ. ಅದು ಸಣ್ಣದು.

ಹಾಗಾದರೆ ಮಾಷ್ಟ್ರು ಇಲ್ಲವೇ ಇಲ್ಲವೇ? ಇದ್ದಾರೆ, ಕಾಣುವುದಿಲ್ಲ ಅಷ್ಟೆ. ಯಕ್ಷಗಾನದಲ್ಲಿ ವೇಷಧಾರಿ ಬಾಯಿಪಾಠದ ಮಾತು ಒಪ್ಪಿಸುವುದಿಲ್ಲ, ಅರ್ಥವನ್ನು ಆ ಕ್ಷಣಕ್ಕೆ ತಾನೇ ಕಟ್ಟುತ್ತಾನೆ. ಆದರೆ ಯಾವ ಪದ ಯಾವಾಗ ಎತ್ತಬೇಕು, ಎಲ್ಲಿ ನಿಲ್ಲಿಸಬೇಕು ಎನ್ನುವುದು ಹಿಂದೆ ಕುಳಿತ ಭಾಗವತರ ಕೈಯಲ್ಲಿರುತ್ತದೆ. ಈ ಶಾಲೆಯಲ್ಲೂ ಹಾಗೆಯೇ. ಯಾವ ಪ್ರಾಜೆಕ್ಟಿನ ನಂತರ ಯಾವುದು, ಎಷ್ಟು ಕಷ್ಟ ಇರಬೇಕು, ಮೆಷಿನ್ ಹೇಗೆ ಪರೀಕ್ಷಿಸಬೇಕು ಎಂದು ಯಾರೋ ತಲೆ ಕೆಡಿಸಿಕೊಂಡು ಬರೆದಿಟ್ಟಿದ್ದಾರೆ. ಕರಿಹಲಗೆಯ ಮುಂದೆ ನಿಲ್ಲುವ ಕೆಲಸ ಹೋಗಿದೆ, ಪಾಠ ಜೋಡಿಸುವ ಕೆಲಸ ಹೋಗಿಲ್ಲ. ನಾಲ್ಕು ಹುಡುಗರನ್ನು ಒಂದು ರೂಮಿಗೆ ಕೂಡಿಸಿ ವೈಫೈ ಕೊಟ್ಟರೆ ಇಂಥ ಶಾಲೆ ಆಗುತ್ತದೆ ಎಂದು ತಿಳಿಯುವವರು ಎಡವುವುದು ಇಲ್ಲಿಯೇ.

ಮುಯ್ಯಾಳಿನ ಲೆಕ್ಕ

ಈ ಪದ್ಧತಿಯ ನಿಜವಾದ ಜಾಣತನ ಇರುವುದು ತಿದ್ದುವಿಕೆಯಲ್ಲಿ. ನಿಮ್ಮ ಪ್ರಾಜೆಕ್ಟನ್ನು ಬೇರೆ ವಿದ್ಯಾರ್ಥಿಗಳು ನೋಡಿ ಪಾಸು ಮಾಡಬೇಕು. ಅದಕ್ಕೆ ನಿಮ್ಮ ಖಾತೆಯಿಂದ ಪಾಯಿಂಟ್ ಖರ್ಚಾಗುತ್ತದೆ. ಪಾಯಿಂಟ್ ಬೇಕಾದರೆ ನೀವು ಇನ್ನೊಬ್ಬರದ್ದನ್ನು ತಿದ್ದಬೇಕು. ಗದ್ದೆ ನಾಟಿಗೆ ಮುಯ್ಯಾಳು ಇದ್ದ ಹಾಗೆ: ಇವತ್ತು ನಾನು ನಿಮ್ಮ ಗದ್ದೆಗೆ, ನಾಳೆ ನೀವು ನನ್ನ ಗದ್ದೆಗೆ. ಬರೀ ತೆಗೆದುಕೊಂಡು ಹೋಗಲು ಯಾರಿಗೂ ಆಗುವುದಿಲ್ಲ.

ತಿದ್ದುವಾಗ ಏನಾಗುತ್ತದೆ? ಒಂದು ಉದಾಹರಣೆ ಊಹಿಸಿಕೊಳ್ಳಿ. ಒಬ್ಬಳು ಸಿ ಭಾಷೆಯಲ್ಲಿ ಪದದ ಅಕ್ಷರ ಎಣಿಸುವ ಪುಟ್ಟ ಪ್ರೋಗ್ರಾಂ ಬರೆದಿದ್ದಾಳೆ. ತಿದ್ದಲು ಬಂದವನು ಇಂಗ್ಲಿಷ್ ಅಕ್ಷರಗಳಲ್ಲಿ ಮಂಗಳೂರು ಎಂದು ಟೈಪ್ ಮಾಡುತ್ತಾನೆ. ಒಂಬತ್ತು ಎಂದು ಬಂತು, ಸರಿ. ಏನೂ ಬರೆಯದೆ ಎಂಟರ್ ಒತ್ತುತ್ತಾನೆ. ಸೊನ್ನೆ, ಅದೂ ಸರಿ. ಸುಮ್ನೆ ನೋಡುವ ಎಂದು ಕನ್ನಡದಲ್ಲೇ 'ಮಂಗಳೂರು' ಎಂದು ಹೊಡೆಯುತ್ತಾನೆ. ಪರದೆಯ ಮೇಲೆ 21!

"ಎಂತ ಮಾರಾಯ್ತಿ ಇದು? ನಾಲ್ಕೇ ಅಲ್ವಾ ಅಕ್ಷರ?"

ಇಬ್ಬರಿಗೂ ಉತ್ತರ ಗೊತ್ತಿಲ್ಲ. ಹುಡುಕಲು ಕೂರುತ್ತಾರೆ. ನಮ್ಮ ಕಣ್ಣಿಗೆ ಮಂ, ಗ, ಳೂ, ರು ಎಂದು ನಾಲ್ಕು ಕಾಣುತ್ತದೆ. ಎಲ್ಲ ಭಾಷೆಗಳ ಗುರುತುಗಳಿಗೂ ಕಂಪ್ಯೂಟರಿನಲ್ಲಿ ಒಂದೊಂದು ನಂಬರ್ ಕೊಡುವ ಯೂನಿಕೋಡಿಗೆ ಅದು ಏಳು: ಮ, ಅನುಸ್ವಾರದ ಸೊನ್ನೆ, ಗ, ಳ, ಅದರ ದೀರ್ಘದ ಗುರುತು, ರ, ಅದರ ಕೊಂಬು. ಅದನ್ನು ಉಳಿಸಿಡುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಗುರುತಿಗೂ ಮೂರು ಬೈಟ್, ಅಂದರೆ ಕಂಪ್ಯೂಟರಿನ ನೆನಪಿನ ಮೂರು ಪುಟ್ಟ ಖಾನೆ. ಏಳು ಮೂರಲಿ 21. ಪ್ರೋಗ್ರಾಂ ಎಣಿಸಿದ್ದು ಅಕ್ಷರವನ್ನಲ್ಲ, ಬೈಟನ್ನು. ಅರ್ಧ ಗಂಟೆಯಲ್ಲಿ ಇಬ್ಬರೂ ಕಲಿತ ಈ ವಿಷಯ ಮುಂದೆ ಮರೆಯುವುದು ಕಷ್ಟ. ಅದೇ ವಿಷಯ ಪ್ರೊಜೆಕ್ಟರಿನ 43ನೇ ಸ್ಲೈಡಿನಲ್ಲಿ ಬಂದಿದ್ದರೆ?

ಇದಕ್ಕೆ ಕಾರಣವೂ ಇದೆ. ಹಾರ್ವರ್ಡಿನ ಭೌತಶಾಸ್ತ್ರದ ಪ್ರಾಧ್ಯಾಪಕ ಎರಿಕ್ ಮಜೂರ್ 1991ರಿಂದ ತಮ್ಮ ತರಗತಿಯಲ್ಲಿ ಪಾಠ ಕಡಿಮೆ ಮಾಡಿ, ಪ್ರಶ್ನೆ ಕೊಟ್ಟು, ಪಕ್ಕದವರ ಜತೆ ವಾದ ಮಾಡಿಸಿ, ಮತ್ತೆ ಉತ್ತರ ಕೇಳುವ ಕ್ರಮ ತಂದರು. ಮೊನ್ನೆ ಅರ್ಥ ಮಾಡಿಕೊಂಡವನಿಗೆ ತಾನು ಎಲ್ಲಿ ಎಡವಿದೆ ಎಂಬುದು ಇನ್ನೂ ನೆನಪಿರುತ್ತದೆ. 30 ವರ್ಷದಿಂದ ಗೊತ್ತಿರುವ ಪ್ರೊಫೆಸರ್‌ಗೆ ಅದು ಮರೆತುಹೋಗಿರುತ್ತದೆ. ಆದರೆ ಒಂದು ಮಾತು: ಮಜೂರ್ ತರಗತಿಯಲ್ಲಿ ಮಜೂರ್ ಇದ್ದರು. ಇಬ್ಬರೂ ಸೇರಿ ತಪ್ಪು ತೀರ್ಮಾನಕ್ಕೆ ಬಂದರೆ ತಡೆಯುವವರು ಇದ್ದರು.

ಮೇಲಿನ ದೃಶ್ಯದಲ್ಲೇ ತಿದ್ದುವವನು ಕನ್ನಡ ಟೈಪ್ ಮಾಡದೆ, "ಆಯ್ತು, ಸರಿ ಉಂಟು, ನನಗೂ ಪಾಯಿಂಟ್ ಬೇಕು" ಎಂದು ಟಿಕ್ ಹಾಕಿ ಹೋಗಬಹುದಿತ್ತು. ಗೆಳೆಯರು ಗೆಳೆಯರನ್ನು ಪಾಸು ಮಾಡುವುದು ಈ ಪದ್ಧತಿಗೆ ಹುಟ್ಟಿನಿಂದಲೇ ಬಂದ ಕಾಯಿಲೆ. ಅದಕ್ಕಾಗಿಯೇ ಮೆಷಿನ್ ಪರೀಕ್ಷೆಯನ್ನೂ ಜತೆಗೆ ಇಟ್ಟಿರುವುದು.

ಹಳೆಯ ದಾರಿ, ಹಳೆಯ ಗುಂಡಿ

ಇದು ಪ್ಯಾರಿಸಿನಿಂದ ಬಂದ ಹೊಸ ಸರಕು ಅಲ್ಲ. ಕರಾವಳಿಯ ಐಗಳ ಮಠಗಳಲ್ಲಿ ಮಕ್ಕಳು ಮರಳಿನ ಮೇಲೆ ಬೆರಳಾಡಿಸಿ ಅಕ್ಷರ ಕಲಿತವರು. ದೊಡ್ಡ ಹುಡುಗರು ಚಿಕ್ಕವರಿಗೆ ಹೇಳಿಕೊಡುವುದು ದಕ್ಷಿಣ ಭಾರತದ ಜಗಲಿ ಶಾಲೆಗಳಲ್ಲಿ ಮಾಮೂಲು. 1789ರಲ್ಲಿ ಮದ್ರಾಸಿನ ಎಗ್ಮೋರಿನ ಅನಾಥಾಲಯದ ಶಾಲೆಯನ್ನು ನೋಡಿಕೊಳ್ಳಲು ಬಂದ ಆಂಡ್ರ್ಯೂ ಬೆಲ್ ಎಂಬ ಪಾದ್ರಿ ಇಂಥದೊಂದು ಶಾಲೆಯಲ್ಲಿ ಮಕ್ಕಳು ಮರಳಿನ ಮೇಲೆ ಬರೆಯುವುದನ್ನು ಕಂಡು ತನ್ನಲ್ಲೂ ಅಳವಡಿಸಿದ. ಶಿಕ್ಷಕರು ಒಪ್ಪದಿದ್ದಾಗ ಎಂಟು ವರ್ಷದ ಹುಡುಗನನ್ನೇ ಕಲಿಸಲು ನಿಲ್ಲಿಸಿದ. 1797ರಲ್ಲಿ ಲಂಡನ್ನಿನಲ್ಲಿ ಅದರ ವರದಿ ಪ್ರಕಟಿಸಿದ. 'ಮದ್ರಾಸ್ ಪದ್ಧತಿ' ಎಂಬ ಹೆಸರಿನಲ್ಲಿ ಅದು ಇಂಗ್ಲೆಂಡಿನಲ್ಲೆಲ್ಲ ಹರಡಿತು.

ಹರಡಲು ಮುಖ್ಯ ಕಾರಣ, ಅಗ್ಗ. ಒಬ್ಬ ಶಿಕ್ಷಕ, ನೂರಾರು ಮಕ್ಕಳು, ನಡುವೆ ಮಾನಿಟರ್‌ಗಳು, ಅಂದರೆ ಕಲಿಸಲು ನಿಂತ ಹುಡುಗರು. ಆದರೆ ಮಾನಿಟರ್‌ಗೆ ಗೊತ್ತಿದ್ದದ್ದು ಉಳಿದವರಿಗಿಂತ ಒಂದು ಪಾಠ ಜಾಸ್ತಿ ಅಷ್ಟೆ. ಅಕ್ಷರ, ಮಗ್ಗಿ, ಬಾಯಿಪಾಠ ಆದವು. "ಯಾಕೆ ಹೀಗೆ?" ಎಂದು ಕೇಳಿದರೆ ಅವನಿಗೂ ಗೊತ್ತಿಲ್ಲ. 1846ರ ಹೊತ್ತಿಗೆ ಬ್ರಿಟಿಷ್ ಸರಕಾರ ಶಿಕ್ಷಕರನ್ನು ತರಬೇತಿ ಕೊಟ್ಟು ತಯಾರು ಮಾಡುವ ದಾರಿಗೆ ದುಡ್ಡು ಹಾಕತೊಡಗಿತು. ಮಾನಿಟರ್ ಪದ್ಧತಿ ಹಿಂದೆ ಸರಿಯಿತು.

ಇವತ್ತಿನ ವಾದವೂ ಇದರ ಸುತ್ತಲೇ ತಿರುಗುತ್ತಿದೆ. ಕಾಲೇಜಿನ ಪ್ರಾಧ್ಯಾಪಕರು ಹೇಳುವುದು: ವೆಬ್‌ಸೈಟ್ ಕಟ್ಟುವುದನ್ನು ಗೆಳೆಯರಿಂದ ಕಲಿಯಬಹುದು, ಆದರೆ ಸಂಭಾವ್ಯತೆ, ಅಲ್ಗಾರಿದಂ, ಆಪರೇಟಿಂಗ್ ಸಿಸ್ಟಂ ಒಳಗಿನ ಕೆಲಸ ಇವನ್ನೆಲ್ಲ ರೂಮಿನಲ್ಲಿ ಯಾರಿಗೂ ಗೊತ್ತಿಲ್ಲದಿದ್ದರೆ ಯಾರು ಯಾರಿಗೆ ಕಲಿಸುತ್ತಾರೆ? ಹೊಸ ಮಾದರಿಯ ಪರ ಇರುವವರ ಉತ್ತರ: ಬೆಲ್‌ನ ಮಾನಿಟರ್ ಬಳಿ ಇಂಟರ್ನೆಟ್ ಇರಲಿಲ್ಲ. ಇವತ್ತಿನ ಹುಡುಗನ ಬಳಿ ಎನ್‌ಪಿಟಿಇಎಲ್‌ನ ಐಐಟಿ ಪಾಠಗಳು ಪುಕ್ಕಟೆ ಇವೆ. ಎರಡೂ ನಿಜ. ಆದರೆ ಆನ್‌ಲೈನ್ ಕೋರ್ಸುಗಳಿಗೆ ಸೇರಿದವರಲ್ಲಿ ಮುಗಿಸುವವರು ಸಾಮಾನ್ಯವಾಗಿ ಹತ್ತರಲ್ಲಿ ಒಬ್ಬರ ಆಸುಪಾಸು. ಪಾಠ ಸಿಗದೆ ಯಾರೂ ಬಿಡುತ್ತಿಲ್ಲ. ಕಾಯುವವರು, ಕೇಳುವವರು ಯಾರೂ ಇಲ್ಲದ್ದಕ್ಕೆ ಬಿಡುತ್ತಾರೆ. ನಾಳೆ ಬೆಳಿಗ್ಗೆ ಹತ್ತಕ್ಕೆ ಒಬ್ಬ ನಿಮ್ಮ ಕೆಲಸ ತಿದ್ದಲು ಬರುತ್ತಾನೆ ಎಂದರೆ ರಾತ್ರಿ ಕುಳಿತು ಮುಗಿಸುತ್ತೀರಿ.

ದುಡ್ಡು ಯಾರದ್ದು?

ಫೀಸ್ ಇಲ್ಲ ಎಂದರೆ ಖರ್ಚಿಲ್ಲ ಎಂದಲ್ಲ, ಬೇರೆ ಯಾರೋ ಕೊಡುತ್ತಿದ್ದಾರೆ ಎಂದರ್ಥ. ಯಾರು ಎಂದು ಗೊತ್ತಾದರೆ ಶಾಲೆಯ ಸ್ವಭಾವ ಅರ್ಧ ಗೊತ್ತಾಗುತ್ತದೆ.

ಶ್ರೀಮಂತನ ಜೇಬು ಒಂದು ದಾರಿ. ಪ್ಯಾರಿಸಿನದ್ದು ಹಾಗೆಯೇ ಶುರುವಾಯಿತು. 2016ರಲ್ಲಿ ಅಮೆರಿಕದ ಫ್ರೀಮಾಂಟಿನಲ್ಲಿ ತೆರೆದ ಕ್ಯಾಂಪಸ್ ಮಾತ್ರ ಬಾಳಲಿಲ್ಲ, ಮುಚ್ಚಿತು. ಎರಡನೆಯದು, ಕೆಲಸ ಕೊಡುವ ಕಂಪನಿ ಕೊಡುವುದು. 2011ರಲ್ಲಿ ಶುರುವಾದ, ಪ್ರೋಗ್ರಾಮಿಂಗನ್ನು ಒಟ್ಟಿಗೆ ಕುಳಿತು ಕಲಿಯುವ ನ್ಯೂಯಾರ್ಕಿನ ರಿಕರ್ಸ್ ಸೆಂಟರ್ ಕಲಿಯುವವರಿಂದ ಏನೂ ತೆಗೆದುಕೊಳ್ಳುವುದಿಲ್ಲ. ಅಲ್ಲಿಂದ ಜನರನ್ನು ಕೆಲಸಕ್ಕೆ ತೆಗೆದುಕೊಳ್ಳುವ ಕಂಪನಿಗಳಿಂದ ಅದಕ್ಕೆ ದುಡ್ಡು ಬರುತ್ತದೆ. ಚೆನ್ನೈಯ ಸಾಫ್ಟ್‌ವೇರ್ ಕಂಪನಿ ಜೋಹೋ 20 ವರ್ಷಗಳಿಂದ ಪಿಯುಸಿ, ಡಿಪ್ಲೊಮಾ ಮುಗಿಸಿದವರನ್ನು ಫೀಸ್ ಇಲ್ಲದೆ, ಮೇಲಿಂದ ಸ್ಟೈಪೆಂಡ್ ಕೊಟ್ಟು ಕಲಿಸಿ ತನ್ನಲ್ಲೇ ಕೆಲಸಕ್ಕೆ ಇಟ್ಟುಕೊಳ್ಳುತ್ತಿದೆ. ಅಲ್ಲಿ ಟೀಚರ್‌ಗಳಿದ್ದಾರೆ, ಅದು ಬೇರೆ ಮಾತು. ಕಂಪನಿ ಕೊಟ್ಟರೆ ಕಂಪನಿಗೆ ಬೇಕಾದ್ದನ್ನೇ ಕಲಿಸುತ್ತಾರೆ. ನೇಮಕ ನಿಂತ ವರ್ಷ ಶಾಲೆಗೂ ಸೀಟಿಗೂ ಕುತ್ತು.

ಎಚ್ಚರ ಬೇಕಾದದ್ದು ಮೂರನೆಯದಕ್ಕೆ: ಈಗ ಫೀಸ್ ಬೇಡ, ಕೆಲಸ ಸಿಕ್ಕ ಮೇಲೆ ಸಂಬಳದಲ್ಲಿ ಪಾಲು ಕೊಡಿ. ಅಮೆರಿಕದ ಬ್ಲೂಮ್‌ಟೆಕ್, ಮೊದಲು ಲ್ಯಾಂಬ್ಡಾ ಸ್ಕೂಲ್ ಎಂದು ಹೆಸರಿದ್ದದ್ದು, ಇದರಲ್ಲೇ ಬೆಳೆಯಿತು. 2024ರ ಏಪ್ರಿಲಿನಲ್ಲಿ ಅಲ್ಲಿನ ಗ್ರಾಹಕ ಹಣಕಾಸು ರಕ್ಷಣಾ ಸಂಸ್ಥೆ ಅದರ ಮೇಲೆ ಕ್ರಮ ತೆಗೆದುಕೊಂಡಿತು. ಇದು ನಿಜವಾಗಿ ಸಾಲ, ಆದರೆ ಸಾಲವಲ್ಲ ಎಂದು ವಿದ್ಯಾರ್ಥಿಗಳನ್ನು ನಂಬಿಸಲಾಗಿದೆ, ಕೆಲಸ ಸಿಕ್ಕವರ ಪ್ರಮಾಣವನ್ನೂ ಉಬ್ಬಿಸಿ ಹೇಳಲಾಗಿದೆ ಎಂದಿತು. ನಮ್ಮಲ್ಲೂ ಈ ಬಗೆಯ ಕೋರ್ಸುಗಳ ಜಾಹೀರಾತು ಬರುತ್ತದೆ. 'ಫೀಸ್ ಇಲ್ಲ' ಮತ್ತು 'ಈಗ ಫೀಸ್ ಇಲ್ಲ' ಇವೆರಡರ ನಡುವೆ ಇರುವುದು ಒಂದೇ ಪದ. ಸಹಿ ಹಾಕುವ ಮೊದಲು ಆ ಪದ ಎಲ್ಲಿದೆ ಎಂದು ನೋಡಬೇಕು.

ನಾಲ್ಕನೆಯದು ದಾನ. ಕಂಪನಿ ಕಾನೂನು 2013ರ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ. 2ನ್ನು ಸಮಾಜದ ಕೆಲಸಕ್ಕೆ ಹಾಕಬೇಕು. ಇಂಥ ಶಾಲೆಗೆ ಆ ದುಡ್ಡು ಹರಿಯಬಹುದು. ದಾನಿ ಎಷ್ಟು ವರ್ಷ ಕೈ ಹಿಡಿಯುತ್ತಾರೆ ಎನ್ನುವುದೇ ಪ್ರಶ್ನೆ.

ಉಜಿರೆಗೆ ಗೊತ್ತಿದ್ದ ವಿಷಯ

ಬೈಂದೂರಿನ ಅಥವಾ ಸುಳ್ಯದ ಹುಡುಗಿಯೊಬ್ಬಳು ಮಂಗಳೂರಿನ ಪುಕ್ಕಟೆ ಶಾಲೆಗೆ ಸೇರಿದಳು ಎಂದುಕೊಳ್ಳಿ. ಪಿಜಿ, ಊಟ, ಬಸ್ಸು ಎಲ್ಲ ಸೇರಿ ತಿಂಗಳಿಗೆ ಹತ್ತು ಸಾವಿರ ಎಂದಿಟ್ಟುಕೊಂಡರೂ ಎರಡು ವರ್ಷಕ್ಕೆ 2 ಲಕ್ಷ 40 ಸಾವಿರ. ಅದರ ಜತೆ, ಅಷ್ಟು ದಿನ ದುಡಿಯದೇ ಇದ್ದದ್ದರ ನಷ್ಟ. ಕಾಲೇಜು ಸೇರಿದರೆ ವಿದ್ಯಾರ್ಥಿವೇತನ, ಶಿಕ್ಷಣ ಸಾಲ, ಸರಕಾರಿ ಹಾಸ್ಟೆಲ್ ಏನಾದರೊಂದು ಕೇಳಬಹುದು. ಮಾನ್ಯತೆ ಇಲ್ಲದ ಕೋರ್ಸಿಗೆ ಇವು ಸಿಗುವುದು ಕಷ್ಟ. ಹಾಗಾಗಿ ಪುಕ್ಕಟೆ ಶಾಲೆ ಕೊನೆಗೆ ಪೇಟೆಯಲ್ಲೇ ಮನೆ ಇರುವ, ಎರಡು ವರ್ಷ ಸಂಪಾದನೆ ಇಲ್ಲದಿದ್ದರೂ ನಡೆಯುವ ಮನೆಯ ಮಕ್ಕಳಿಗೇ ಹೆಚ್ಚು ಪ್ರಯೋಜನವಾಗಿಬಿಡಬಹುದು. ಯಾರಿಗಾಗಿ ಎಂದು ಶುರು ಮಾಡಿದರೋ ಅವರೇ ಹೊರಗೆ.

ನಮ್ಮ ಜಿಲ್ಲೆಯಲ್ಲಿ ಇದನ್ನು 40 ವರ್ಷಗಳ ಹಿಂದೆಯೇ ಅರ್ಥ ಮಾಡಿಕೊಂಡವರಿದ್ದರು. 1982ರಲ್ಲಿ ಧರ್ಮಸ್ಥಳದ ಡಾ. ವೀರೇಂದ್ರ ಹೆಗ್ಗಡೆಯವರ ಮುಂದಾಳತ್ವದಲ್ಲಿ ಸಿಂಡಿಕೇಟ್ ಬ್ಯಾಂಕ್, ಕೆನರಾ ಬ್ಯಾಂಕ್ ಸೇರಿ ಉಜಿರೆಯಲ್ಲಿ ರುಡ್‌ಸೆಟ್ ಎಂಬ ತರಬೇತಿ ಸಂಸ್ಥೆ ಶುರು ಮಾಡಿದಾಗ ಹಳ್ಳಿಯ ಯುವಕರಿಗೆ ತರಬೇತಿ ಮಾತ್ರ ಅಲ್ಲ, ಊಟ ವಸತಿಯೂ ಉಚಿತ ಇತ್ತು. ಕೋರ್ಸ್ ಚಿಕ್ಕದು, ಮುಗಿದ ಮೇಲೆ ಸ್ವಂತ ಉದ್ಯೋಗಕ್ಕೆ ಬ್ಯಾಂಕಿನ ದಾರಿ ತೋರಿಸುವುದೂ ಸೇರಿತ್ತು. ಆ ಮಾದರಿಯನ್ನೇ ಮುಂದೆ ಕೇಂದ್ರ ಸರಕಾರ ದೇಶದ ಜಿಲ್ಲೆಗಳಿಗೆಲ್ಲ ಒಯ್ದಿತು. ಪ್ಯಾರಿಸ್ ನೋಡಿ ಬರುವವರು ಒಮ್ಮೆ ಉಜಿರೆಗೂ ಹೋಗಿ ಬಂದರೆ ಒಳ್ಳೆಯದು, ಬಸ್ ಚಾರ್ಜೂ ಕಡಿಮೆ.

ಹೆಣ್ಣುಮಕ್ಕಳ ವಿಷಯ ಬೇರೆಯಾಗಿಯೇ ಹೇಳಬೇಕು. 24 ಗಂಟೆ ತೆರೆದಿರುವ ಲ್ಯಾಬ್ ಎಂದರೆ ಹುಡುಗರಿಗೆ ಸ್ವಾತಂತ್ರ್ಯ, ಮನೆಯವರಿಗೆ "ಮಗಳು ರಾತ್ರಿ ಎಷ್ಟು ಗಂಟೆಗೆ ಬರುತ್ತಾಳೆ?" ಎಂಬ ಚಿಂತೆ. ಪ್ಯಾರಿಸಿನಲ್ಲೇ ಮೊದಲ ವರ್ಷಗಳಲ್ಲಿ ಹೆಣ್ಣುಮಕ್ಕಳು ತೀರ ಕಡಿಮೆ ಇದ್ದರು, ಕೀಳು ಮಾತಿನ ದೂರುಗಳೂ ಇದ್ದವು. 2018ರಲ್ಲಿ ನಿರ್ದೇಶಕಿಯಾಗಿ ಬಂದ ಸೋಫಿ ವಿಜೇ ಇದನ್ನು ಸರಿಪಡಿಸುವುದನ್ನೇ ಮುಖ್ಯ ಕೆಲಸ ಮಾಡಿಕೊಂಡರು. ಮಾಷ್ಟ್ರು ಇಲ್ಲದ ಕಡೆ ಜೋರಾಗಿ ಮಾತಾಡುವವನೇ ಮಾಷ್ಟ್ರು ಆಗಿಬಿಡುತ್ತಾನೆ. ರಿಕರ್ಸ್ ಸೆಂಟರಿನಲ್ಲಿ ಇದಕ್ಕೆಂದೇ ಕೆಲವು ಸಣ್ಣ ನಿಯಮಗಳಿವೆ. ಅದರಲ್ಲೊಂದನ್ನು ನಮ್ಮ ಭಾಷೆಯಲ್ಲಿ ಹೇಳಿದರೆ ಹೀಗೆ: ಯಾರಾದರೂ ಏನಾದರೂ ಕೇಳಿದರೆ "ಅಯ್ಯೋ, ಅದೂ ಗೊತ್ತಿಲ್ವಾ?" ಅನ್ನಬಾರದು. ಇದನ್ನು ನಮ್ಮ ಪ್ರತಿ ಲ್ಯಾಬಿನ ಗೋಡೆಗೂ ಅಂಟಿಸಬಹುದು.

ಡಿಗ್ರಿ ಎಂಬ ಕಾಗದ

ಬೆಂಗಳೂರಿನ ಸಣ್ಣ ಕಂಪನಿ ನಿಮ್ಮ ಕೋಡ್ ನೋಡಿ ಕೆಲಸ ಕೊಡಬಹುದು. ಸರಕಾರಿ ಕೆಲಸ, ಬ್ಯಾಂಕು, ದೊಡ್ಡ ಕಂಪನಿಗಳ ಕ್ಯಾಂಪಸ್ ನೇಮಕದಲ್ಲಿ ಡಿಗ್ರಿಯೇ ಮೊದಲ ಜರಡಿ. ಹೊರದೇಶದ ಕನಸಿರುವ ಕರಾವಳಿಗೆ ಇದು ಇನ್ನೂ ಮುಖ್ಯ. ಯುಎಇಯಲ್ಲಿ ವೃತ್ತಿಪರ ಹುದ್ದೆಗಳಿಗೆ ಅಟೆಸ್ಟೇಶನ್ ಆದ ಡಿಗ್ರಿ ಕೇಳುತ್ತಾರೆ ಎನ್ನುವುದನ್ನು ಇಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಅಮೆರಿಕದ ಕೆಲಸದ ವೀಸಾ ಎಚ್-1ಬಿಗೆ ಡಿಗ್ರಿ ಇಲ್ಲದಿದ್ದರೆ ಒಂದು ವರ್ಷದ ಓದಿಗೆ ಮೂರು ವರ್ಷದ ಅನುಭವ ತೋರಿಸಬೇಕು, ಅಂದರೆ ನಾಲ್ಕು ವರ್ಷದ ಡಿಗ್ರಿಗೆ 12 ವರ್ಷ. ಜರ್ಮನಿ ಮಾತ್ರ 2023ರ ನವೆಂಬರಿನಿಂದ ಸ್ವಲ್ಪ ಸಡಿಲ ಬಿಟ್ಟಿದೆ. ಐಟಿಯಲ್ಲಿ ಕಳೆದ ಏಳು ವರ್ಷಗಳಲ್ಲಿ ಮೂರು ವರ್ಷ ಆ ಮಟ್ಟದ ಅನುಭವ ಇದ್ದು, ನಿಗದಿಯಾದಷ್ಟು ಸಂಬಳದ ಕೆಲಸ ಸಿಕ್ಕಿದರೆ ಡಿಗ್ರಿ ಇಲ್ಲದೆಯೂ ಬ್ಲೂ ಕಾರ್ಡ್, ಅಂದರೆ ಅಲ್ಲಿದ್ದು ಕೆಲಸ ಮಾಡುವ ಪರವಾನಗಿ, ಸಿಗುತ್ತದೆ. ಮದುವೆ ಬಯೋಡೇಟಾದಲ್ಲಿ ಎಷ್ಟು ಸಡಿಲ ಸಿಗುತ್ತದೆ ಎಂಬುದು ಆಯಾ ಮನೆಯವರಿಗೆ ಬಿಟ್ಟದ್ದು.

ಇದರ ಪರಿಣಾಮ ಸರಳ. ಡಿಗ್ರಿ ಬಿಟ್ಟು ಇಂಥ ಶಾಲೆಗೆ ಹೋಗುವುದು ಈಗಿನ ಮಟ್ಟಿಗೆ ದೊಡ್ಡ ಪಣ. ಡಿಗ್ರಿಯ ಜತೆಗೆ ಹೋಗುವುದಾದರೆ ಕಳೆದುಕೊಳ್ಳುವುದು ಕಡಿಮೆ.

ಪಕ್ಕದವನ ಜಾಗಕ್ಕೆ ಎಐ

ಸ್ಟ್ಯಾಕ್ ಓವರ್‌ಫ್ಲೋ ಎಂಬ ತಾಣ 2008ರಿಂದ ಜಗತ್ತಿನ ಪ್ರೋಗ್ರಾಮರ್‌ಗಳ ಪಕ್ಕದ ಬೆಂಚು. ಒಬ್ಬ ಕೇಳುತ್ತಾನೆ, ಗುರುತಿಲ್ಲದ ಇನ್ನೊಬ್ಬ ಹೇಳುತ್ತಾನೆ. 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಅಲ್ಲಿಗೆ ಬರುವ ಹೊಸ ಪ್ರಶ್ನೆಗಳು ತೀರ ಇಳಿದುಹೋದವು. ಎಐ ಬೈಯುವುದಿಲ್ಲ, ಕಾಯಿಸುವುದಿಲ್ಲ, ಮುಯ್ಯಿ ಕೇಳುವುದಿಲ್ಲ. ಹಾಗಿರುವಾಗ ಪಕ್ಕದವನನ್ನು ಯಾಕೆ ಕೇಳಬೇಕು?

ಮುಯ್ಯಿ ಕೇಳದಿರುವುದೇ ತೊಂದರೆ. ಎಐ ಬರೆದ ಕೋಡನ್ನು ಎದುರಿನವನಿಗೆ ಸಾಲು ಸಾಲಾಗಿ ವಿವರಿಸಬೇಕಾದಾಗ, 'ಇಲ್ಲಿ ಯಾಕೆ 21 ಬಂತು' ಎಂದು ಅವನು ಕೇಳಿದಾಗ, ಅರ್ಥವಾಗಿದೆಯೋ ಇಲ್ಲವೋ ಬಯಲಾಗುತ್ತದೆ. ಹಾಗಾಗಿ ಒಬ್ಬರದ್ದನ್ನೊಬ್ಬರು ಎದುರುಬದುರು ಕುಳಿತು ತಿದ್ದುವ ಪದ್ಧತಿಗೆ ಬೆಲೆ ಈಗ ಜಾಸ್ತಿ. ಆದರೆ ಇನ್ನೊಂದು ಸತ್ಯವನ್ನೂ ಮುಚ್ಚಿಡಬಾರದು. ಎಐ ಮೊದಲು ನುಂಗುತ್ತಿರುವುದು ಹೊಸಬರು ಮಾಡುತ್ತಿದ್ದ ಸಣ್ಣಪುಟ್ಟ ಕೆಲಸಗಳನ್ನೇ. ಆರು ತಿಂಗಳಲ್ಲಿ ಕೋಡರ್ ಆಗಿ ಎನ್ನುವ ಭರವಸೆಯ ಬುಡ ಅಲ್ಲಾಡುತ್ತಿದೆ. ಡಿಗ್ರಿಯದ್ದೂ ಅಲ್ಲಾಡುತ್ತಿದೆ, ಆದರೆ ಅದಕ್ಕೆ ಆತುಕೊಳ್ಳಲು ಬೇರೆ ಕಂಬಗಳಿವೆ.

ಬೀಗದ ಕೈ

ಕರಾವಳಿಯಲ್ಲಿ ಇಂಥ ಶಾಲೆ ಹೊಸದಾಗಿ ತೆರೆದರೆ ಏನಾದೀತು? ಮುಡಿಪುವಿನಲ್ಲಿ ಇನ್ಫೋಸಿಸ್ ಕ್ಯಾಂಪಸ್ ಇದೆ. 1996ರಲ್ಲಿ ಉಡುಪಿಯಲ್ಲೇ ಹುಟ್ಟಿದ ರೋಬೋಸಾಫ್ಟ್ ಇದೆ, ಇನ್ನೂ ಕೆಲವು ಇವೆ. ಆದರೂ ಬೆಂಗಳೂರಿಗೆ ಹೋಲಿಸಿದರೆ ಕೆಲಸ ಕೊಡುವವರು ಕಡಿಮೆ. ಕಂಪನಿ ದುಡ್ಡಿನಿಂದ ನಡೆಯುವ ಶಾಲೆಯಾದರೆ ಅದು ಘಟ್ಟ ಹತ್ತುವ ಬಸ್ಸಿಗೆ ಜನ ತುಂಬಿಸುವ ಸ್ಟ್ಯಾಂಡ್ ಆದೀತು. ದಾನದ ದುಡ್ಡಿನಿಂದ ನಡೆಯುವುದಾದರೆ ಊಟ ವಸತಿಯ ಲೆಕ್ಕ ಮೊದಲು ಹಾಕಬೇಕು.

ಕಟ್ಟಡ ಕಟ್ಟುವ ಅಗತ್ಯ ಇದೆಯೇ ಎನ್ನುವುದೇ ನನಗೆ ಅನುಮಾನ. ಈ ಮಾದರಿಯಲ್ಲಿ ಕದಿಯಲು ಯೋಗ್ಯವಾದದ್ದು ತಿದ್ದುವ ಮುಯ್ಯಾಳು ಪದ್ಧತಿ. ಅದಕ್ಕೆ ದುಡ್ಡು ಬೇಡ. ಸುರತ್ಕಲ್ಲಿನ ಎನ್‌ಐಟಿಕೆಯಲ್ಲಿ ವೆಬ್ ಎಂಥೂಸಿಯಾಸ್ಟ್ಸ್ ಕ್ಲಬ್‌ನಂಥ ವಿದ್ಯಾರ್ಥಿ ಗುಂಪುಗಳಲ್ಲಿ ಸೀನಿಯರ್‌ಗಳು ಜೂನಿಯರ್‌ಗಳಿಗೆ ಹೇಳಿಕೊಡುವುದು ಹೊಸತಲ್ಲ. ವಿಟಿಯು ಕಾಲೇಜುಗಳ ವಿದ್ಯಾರ್ಥಿಗಳು ಹೇಗೂ ಪಾಠದಾಚೆಯ ಚಟುವಟಿಕೆಗಳಿಂದ 100 ಆಕ್ಟಿವಿಟಿ ಪಾಯಿಂಟ್ ಗಳಿಸಬೇಕು. ಕೋರ್ಸಿನ ಶೇ. 40ರವರೆಗೆ 'ಸ್ವಯಂ' ಎಂಬ ಸರಕಾರಿ ಆನ್‌ಲೈನ್ ಪಾಠಗಳ ತಾಣದಲ್ಲಿ ಕಲಿಯಲು ಯುಜಿಸಿ ನಿಯಮವೂ ಅವಕಾಶ ಕೊಡುತ್ತದೆ. ಪಾಠ ಪುಕ್ಕಟೆ ಇದೆ, ಹುಡುಗರಿದ್ದಾರೆ, ಕಂಪ್ಯೂಟರ್‌ಗಳಿವೆ. ತುಳು, ಬ್ಯಾರಿ, ಕೊಂಕಣಿ, ಕನ್ನಡ ಯಾವುದರಲ್ಲಿ ಬೇಕಾದರೂ ಸಿ ಭಾಷೆಯ ಪಾಯಿಂಟರ್‌ನಂಥ ಕಷ್ಟದ ಪಾಠ ಬಿಡಿಸಿ ಹೇಳುವ ಗೆಳೆಯರಿದ್ದಾರೆ. ಪಿಯುಸಿವರೆಗೆ ಕನ್ನಡದಲ್ಲೇ ಓದಿ ಬಂದವರಿಗೆ ಯಾವ ಸ್ಲೈಡೂ ಮಾಡದ ಉಪಕಾರ ಅದು.

ಇಲ್ಲದ್ದು ಎರಡು. ಪ್ರಾಜೆಕ್ಟುಗಳನ್ನು ಕ್ರಮವಾಗಿ ಜೋಡಿಸಿ, ವಾರಕ್ಕೊಮ್ಮೆ ಬಂದು ತಪ್ಪು ತಿಳಿದದ್ದನ್ನು ತಿದ್ದುವ ಒಬ್ಬ ಭಾಗವತರು. ಮತ್ತೆ, ಸಂಜೆ ಕ್ಲಾಸು ಬಿಟ್ಟ ಕೂಡಲೇ ಬೀಗ ಬೀಳುವ ಲ್ಯಾಬಿನ ಬೀಗದ ಕೈ. ಕಂಪ್ಯೂಟರ್ ಕಳುವಾದರೆ ಯಾರು ಜವಾಬ್ದಾರಿ ಎಂದು ಅಟೆಂಡರ್ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಆ ರಿಜಿಸ್ಟರಿನಲ್ಲಿ ಯಾರು ಸಹಿ ಹಾಕುತ್ತಾರೆ ಎಂದು ಪ್ರಿನ್ಸಿಪಾಲರು ಹೇಳಿದ ದಿನ, ರಾತ್ರಿ ಎಂಟರವರೆಗೆ ಲ್ಯಾಬಿನ ಲೈಟು ಉರಿದೀತು.